ಒಂದೇ ಹೆಸರು, ಎರಡು ಗುಂಡು: ಜರ್ಮನಿಯ 8×57 ತೋಟಾದ ಪ್ರಕರಣ

ಪ್ರಕರಣ ಇಷ್ಟು. 1888ರಲ್ಲಿ ಜರ್ಮನಿಯಲ್ಲಿ ಒಂದು ರೈಫಲ್ ತೋಟಾ ಹುಟ್ಟಿತು. ಅದರ ಗುಂಡಿನ ದಪ್ಪ 8.08 ಮಿಲಿಮೀಟರ್. ಹದಿನೈದು ಹದಿನೇಳು ವರ್ಷದ ಮೇಲೆ ಸೈನ್ಯ ಮದ್ದು ತುಂಬುವ ಅದೇ ಹಿತ್ತಾಳೆ ಕೇಸಿಗೆ 8.22 ಮಿ.ಮೀ. ದಪ್ಪದ ಬೇರೆ ಗುಂಡು ಕೂರಿಸಿತು. ಕೇಸಿನ ಉದ್ದ 57 ಮಿ.ಮೀ. ಇದ್ದದ್ದು ಹಾಗೇ ಇತ್ತು. ಜನರ ಬಾಯಲ್ಲಿ ಹೆಸರೂ 8×57 ಎಂದೇ ಉಳಿಯಿತು. ಸೈನ್ಯ ತನ್ನ ಕೋವಿಗಳನ್ನು ಹೊಸ ಗುಂಡಿಗೆ ಹೊಂದಿಸಿಕೊಂಡು ಮುಂದೆ ನಡೆಯಿತು. ಬೇಟೆಗಾರರು ಹಳೆಯ ಅಳತೆ ಬಿಡಲಿಲ್ಲ, ಅವರಿಗೆ ಕೋವಿ ಮಾಡಿಕೊಡುವವರೂ ಬಿಡಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಎರಡೂ ಅಳತೆಯ ಕೋವಿಗಳು ಅಕ್ಕಪಕ್ಕದಲ್ಲೇ ತಯಾರಾದವು.

ಎರಡು ಗುಂಡುಗಳ ನಡುವಿನ ವ್ಯತ್ಯಾಸ 0.14 ಮಿ.ಮೀ. ನಾವು ದಿನಾ ಪ್ರಿಂಟ್ ತೆಗೆಯುವ ಕಾಗದದ ಒಂದು ಹಾಳೆಗಿಂತ ತುಸು ಹೆಚ್ಚು, ಎರಡು ಹಾಳೆಗಿಂತ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ಹಳೆಯ ಜರ್ಮನ್ ಬೇಟೆ ಕೋವಿ ಕೈಗೆ ಬಂದವರು ಇವತ್ತಿಗೂ ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಇದೇ: ಈ ಕೋವಿ ಯಾವ ಗುಂಡಿನದು?

ಜರ್ಮನ್ ಬೇಟೆ ತೋಟಾಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹೆಸರುಗಳ ಮೆರವಣಿಗೆ ಹೊರಡಿಸುತ್ತಾರೆ. ಬರ್ಲಿನ್ನಿನ ಕೋವಿ ತಯಾರಕ ಓಟ್ಟೊ ಬಾಕ್ 1905ರಲ್ಲಿ ತಂದ 9.3×62, ಲೈಪ್‌ಜಿಗ್‌ನ ವಿಲ್ಹೆಲ್ಮ್ ಬ್ರೆನೆಕೆ 1917ರಲ್ಲಿ ತಂದ 7×64, ಡ್ರಿಲ್ಲಿಂಗ್ ಎಂಬ ಮೂರು ನಳಿಗೆಯ ಕೋವಿಗಳ ಪ್ರೀತಿಯ 9.3×72 ಆರ್. ಎಲ್ಲವೂ ಒಳ್ಳೆಯ ತೋಟಾಗಳೇ. ಆದರೆ ಒಂದು ಅಳತೆ ಹೇಗೆ ಹುಟ್ಟುತ್ತದೆ, ಅದನ್ನು ಯಾರು ಬದಲಿಸುತ್ತಾರೆ, ಬದಲಾದಾಗ ಅದರ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದನ್ನು 8×57ರಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ತೋಟಾ ನನಗೆ ಸಿಕ್ಕಿಲ್ಲ. ಅದಕ್ಕೇ ಇದೊಂದನ್ನೇ ಹಿಡಿದು ಕೂತಿದ್ದೇನೆ.

ನಳಿಗೆಯೊಳಗಿನ ಎರಡು ಅಳತೆ

ಮಲೆನಾಡಿನಲ್ಲೋ ಕೊಡಗಿನಲ್ಲೋ ಮನೆಯ ಗೋಡೆಗೆ ತೂಗುಹಾಕಿದ ಕೋವಿ ನೋಡಿದವರಿಗೆ ಚರೆ ತುಂಬಿದ ತೋಟಾ ಪರಿಚಿತ. ಆ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ರೈಫಲಿನದು ಹಾಗಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಗೀರಿಗೂ ಗೀರಿಗೂ ನಡುವೆ ಕೊರೆಯದೆ ಬಿಟ್ಟ ಭಾಗ ಏಣಿನಂತೆ ಎದ್ದು ನಿಲ್ಲುತ್ತದೆ. ಹಾಗಾಗಿ ಒಂದೇ ನಳಿಗೆಗೆ ಎರಡು ವ್ಯಾಸ. ಏಣಿನಿಂದ ಎದುರಿನ ಏಣಿಗೆ ಅಳೆದರೆ ಒಂದು, ಗೀರಿನ ತಳದಿಂದ ಎದುರಿನ ಗೀರಿನ ತಳಕ್ಕೆ ಅಳೆದರೆ ಇನ್ನೊಂದು. ಗುಂಡು ಗೀರಿನ ತಳ ಮುಟ್ಟುವಷ್ಟು ದಪ್ಪ ಇರಬೇಕು. ಆಗ ಏಣುಗಳು ಅದರ ಮೈ ಕಚ್ಚಿ ತಿರುಗಿಸುತ್ತವೆ, ಹಿಂದಿನ ಅನಿಲ ಸೋರಿಹೋಗುವುದಿಲ್ಲ, ಗುಂಡು ಬುಗುರಿಯಂತೆ ಸುತ್ತುತ್ತಾ ನೆಟ್ಟಗೆ ಹೋಗುತ್ತದೆ.

ಈಗಿನ ಯುರೋಪಿನ ಮಾನಕದ ಪ್ರಕಾರ ಹಳೆಯ ಬಗೆಯ ನಳಿಗೆಗೆ ಏಣಿನ ವ್ಯಾಸ 7.80, ಗೀರಿನ ವ್ಯಾಸ 8.07 ಮಿ.ಮೀ. ಹೊಸ ಬಗೆಯದಕ್ಕೆ 7.89 ಮತ್ತು 8.20. ಈ ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಅವಸರದಲ್ಲಿ ಹುಟ್ಟಿದ ಕೂಸು

1884ರಲ್ಲಿ ಪೌಲ್ ವಿಯೆ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಎರಡೇ ವರ್ಷದಲ್ಲಿ ಆ ಮದ್ದು ತುಂಬಿದ 8 ಮಿ.ಮೀ. ಲೆಬೆಲ್ ರೈಫಲ್ ಫ್ರೆಂಚ್ ಸೈನ್ಯದ ಕೈ ಸೇರಿತು. ಜರ್ಮನಿಯ ಸೈನಿಕನ ಕೈಯಲ್ಲಿ ಆಗ ಇದ್ದದ್ದು ಕಪ್ಪು ಮದ್ದಿನ 11 ಮಿ.ಮೀ. ಮೌಸರ್. ಒಂದು ಈಡು ಹೊಡೆದರೆ ಎದುರಿಗೆ ಹೊಗೆಯ ಗೋಡೆಯೇ ಏಳುತ್ತಿತ್ತು. ಬರ್ಲಿನ್ ಪಕ್ಕದ ಷ್ಪಾಂಡೌನಲ್ಲಿ ರೈಫಲ್ ಪರೀಕ್ಷೆಗೆಂದೇ ಇದ್ದ ಸೈನ್ಯದ ಆಯೋಗ ಹಗಲಿರುಳು ಕೂತು 1888ರಲ್ಲಿ ಹೊಸ ರೈಫಲನ್ನೂ ಅದಕ್ಕೊಂದು ಹೊಸ ತೋಟಾವನ್ನೂ ಮುಂದಿಟ್ಟಿತು. ತೋಟಾದ ಹೆಸರು ಪಾಟ್ರೋನೆ 88. ಮುಂದೆ 8×57 ಎಂದು ಲೋಕಪ್ರಸಿದ್ಧವಾದದ್ದು ಇದೇ.

ಈ ತೋಟಾವನ್ನು ‘8 ಮಿ.ಮೀ. ಮೌಸರ್’ ಎಂದು ಕರೆಯುವ ರೂಢಿ ಅಮೆರಿಕದಿಂದ ಎಲ್ಲ ಕಡೆ ಹಬ್ಬಿದೆ. ಆದರೆ ಪೌಲ್ ಮೌಸರ್‌ಗೂ ಇದರ ಹುಟ್ಟಿಗೂ ಸಂಬಂಧವಿಲ್ಲ. ಇದು ಆಯೋಗದ ಕೂಸು. ಮೌಸರ್ ಕೊಟ್ಟದ್ದು ಹತ್ತು ವರ್ಷದ ಮೇಲೆ ಬಂದ 98ರ ರೈಫಲನ್ನು. ಆ ರೈಫಲ್ ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ ತೋಟಾಕ್ಕೂ ಅದರ ಹೆಸರೇ ಅಂಟಿಕೊಂಡಿತು.

ಪಾಟ್ರೋನೆ 88ರ ಗುಂಡು ಭಾರಿಯಾಗಿತ್ತು: 14.7 ಗ್ರಾಂ, ಮೂತಿ ಗುಂಡಗೆ, ಮೈಮೇಲೆ ಲೋಹದ ಹೊದಿಕೆ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 620ರಿಂದ 640 ಮೀಟರ್. ಕೇಸಿನ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರಲಿಲ್ಲ, ಅದರ ಬದಲು ಸುತ್ತ ಒಂದು ತೋಡು. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ತಡೆಯಿಲ್ಲದೆ ಕೂರಲಿ ಎಂದು ಹಾಗೆ ಮಾಡಿದ್ದರು. ಇವತ್ತಿನ ಬಹುಪಾಲು ರೈಫಲ್ ತೋಟಾಗಳ ಬುಡ ನೋಡಿದರೆ ಇದೇ ತೋಡು ಕಾಣುತ್ತದೆ.

ಅವಸರದ ಫಲ ಬೇಗ ಗೊತ್ತಾಯಿತು. ಆಯೋಗ ಗೀರಿನ ಆಳವನ್ನು 0.1 ಮಿ.ಮೀ. ಮಾತ್ರ ಇಟ್ಟಿತ್ತು. ಹಳೆಯ ಬರೀ ಸೀಸದ ಗುಂಡಾಗಿದ್ದರೆ ಆ ಆಳ ಸಾಕಾಗುತ್ತಿತ್ತೇನೋ. ಗಟ್ಟಿ ಹೊದಿಕೆಯ ಗುಂಡು ಅದನ್ನು ಬೇಗ ಸವೆಸಿತು. ಕೆಲವು ನಳಿಗೆಗಳು ಉಬ್ಬಿದವು, ಕೆಲವು ಒಡೆದವು. 1890ರ ದಶಕದ ನಡುವೆ ಆಳವನ್ನು 0.15 ಮಿ.ಮೀ.ಗೆ ಏರಿಸಿ, ಹಾಗೆ ಕೊರೆದ ನಳಿಗೆಗೆ ‘ಝಡ್’ ಅಕ್ಷರ ಒತ್ತಿದರು. ಗೀರಿಗೆ ಜರ್ಮನ್ನರು ತ್ಸ್ಯೂಗೆ ಅನ್ನುತ್ತಾರೆ, ಅದರ ಮೊದಲಕ್ಷರ ಅದು. ಗುಂಡಿನ ಅಳತೆ ಮಾತ್ರ ಹಳೆಯದೇ. ಅಂದರೆ ಸೈನ್ಯದ ನಳಿಗೆ ಆಗಲೇ ಗುಂಡಿಗಿಂತ ಸಡಿಲವಾಗಿ ಹೋಗಿತ್ತು. ಮುಂದೆ ದಪ್ಪ ಗುಂಡಿಗೆ ದಾರಿಯಾದದ್ದು ಇಲ್ಲಿ.

ಈ ಒಡೆದ ನಳಿಗೆಗಳ ಕತೆಯಲ್ಲಿ ಒಂದು ಕೊಳಕು ಅಧ್ಯಾಯವೂ ಇದೆ, ಅದನ್ನು ಹಾರಿಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 88ರ ರೈಫಲನ್ನು ಸರ್ಕಾರಿ ಕಾರ್ಖಾನೆಗಳ ಜೊತೆಗೆ ಬರ್ಲಿನ್ನಿನ ಲುಡ್ವಿಗ್ ಲೂವೆ ಕಂಪನಿಯೂ ಮಾಡುತ್ತಿತ್ತು. ಮಾಲೀಕರು ಯಹೂದಿ ಮನೆತನದವರು. 1892ರಲ್ಲಿ ಹರ್ಮಾನ್ ಆಲ್ವಾರ್ಟ್ ಎಂಬಾತ ಕಿರುಹೊತ್ತಿಗೆ ಅಚ್ಚು ಹಾಕಿಸಿ, ಯಹೂದಿಗಳು ಬೇಕೆಂದೇ ಕೆಟ್ಟ ಕೋವಿ ಮಾಡಿ ಜರ್ಮನ್ ಸೈನಿಕರನ್ನು ಕೊಲ್ಲಿಸಲು ಹೊರಟಿದ್ದಾರೆ ಎಂದು ಬರೆದ. ನ್ಯಾಯಾಲಯದಲ್ಲಿ ಅವನ ಆರೋಪ ನಿಲ್ಲಲಿಲ್ಲ, ಅವನಿಗೇ ಸೆರೆವಾಸದ ಶಿಕ್ಷೆಯಾಯಿತು. ಅದೇ ವರ್ಷ ಜನ ಅವನನ್ನು ಸಂಸತ್ತಿಗೂ ಆರಿಸಿ ಕಳಿಸಿದರು. ಒಂದು ಕೂದಲೆಳೆಯಷ್ಟೂ ಇಲ್ಲದ ಗೀರಿನ ಲೆಕ್ಕದ ತಪ್ಪನ್ನು ಒಂದು ಜನಾಂಗದ ತಲೆಗೆ ಕಟ್ಟಿದ ಈ ಘಟನೆಯನ್ನು ಬಿಟ್ಟು ಬರೆದ 88ರ ಚರಿತ್ರೆಯನ್ನು ನಾನು ಪೂರ್ತಿ ಎಂದು ಒಪ್ಪಲಾರೆ.

ಕಾಡಿಗೆ ಬಂದ ತೋಟಾ

ಜರ್ಮನಿಯ ಬೇಟೆಗಾರನಿಗೆ ಪಾಟ್ರೋನೆ 88 ವರದಂತೆ ಬಂತು. ಅಲ್ಲಿಯವರೆಗೆ ಅವನ ಬಳಿ ಇದ್ದದ್ದು ಕಪ್ಪು ಮದ್ದಿನ ದಪ್ಪ ತೋಟಾಗಳು. ಗುಂಡು ನಿಧಾನ, ದಾರಿಯಲ್ಲಿ ಕೆಳಗೆ ಬಾಗುವುದು ಜಾಸ್ತಿ. ಹೊಡೆದ ಮೇಲೆ ಹೊಗೆ ಆರುವ ತನಕ ಜಿಂಕೆ ಬಿತ್ತೋ ಓಡಿತೋ ತಿಳಿಯುತ್ತಿರಲಿಲ್ಲ. ಹೊಸ ತೋಟಾದಲ್ಲಿ ಹೊಗೆಯಿಲ್ಲ, ನಳಿಗೆ ಬೇಗ ಮಸಿ ಹಿಡಿಯುವುದಿಲ್ಲ, ಭುಜಕ್ಕೆ ಒದೆತವೂ ಹದವಾಗಿದೆ. ಹೊದಿಕೆಯನ್ನು ಮೂತಿಯ ಹತ್ತಿರ ಬಿಟ್ಟು ಸೀಸ ಹೊರಗೆ ಕಾಣುವಂತೆ ಮಾಡಿದ 14.7 ಗ್ರಾಂನ ಗುಂಡು ಐವತ್ತು, ನೂರು ಮೀಟರ್ ದೂರದಲ್ಲಿ ಕೆಂಜಿಂಕೆಯನ್ನೂ ಕಾಡುಹಂದಿಯನ್ನೂ ನಿಂತಲ್ಲೇ ಕೆಡವುತ್ತಿತ್ತು. ಜರ್ಮನಿಯ ಬೀಚ್, ಸ್ಪ್ರೂಸ್ ಮರಗಳ ದಟ್ಟ ಕಾಡಿನಲ್ಲಿ ಅದಕ್ಕಿಂತ ದೂರ ಹೊಡೆಯುವ ಪ್ರಸಂಗವೇ ಕಡಿಮೆ.

ತುರಿಂಗಿಯಾದ ಸೂಲ್, ತ್ಸೆಲ್ಲಾ, ಮೆಹ್ಲಿಸ್ ಊರುಗಳ ಕುಶಲಿಗರು ಕೂಡಲೇ ಈ ತೋಟಾಕ್ಕೆ ಕೋವಿ ಮಾಡತೊಡಗಿದರು. ಸೂಲ್‌ನ ಹೇನೆಲ್ ಕಂಪನಿ 88ರ ರೈಫಲಿನ ಮಾದರಿಯಲ್ಲೇ ಬೇಟೆ ರೈಫಲ್ ಮಾಡಿತು. ಆದರೆ ಜರ್ಮನಿಯ ಬೇಟೆಗಾರನ ನಿಜವಾದ ಪ್ರೀತಿ ಇದ್ದದ್ದು ಡ್ರಿಲ್ಲಿಂಗ್ ಮೇಲೆ. ನಮ್ಮ ಕಡೆಯ ಜೋಡುನಳಿಗೆ ಕೋವಿಯ ಕೆಳಗೆ ಮೂರನೆಯದಾಗಿ ಒಂದು ರೈಫಲ್ ನಳಿಗೆ ಬೆಸೆದರೆ ಹೇಗಿರುತ್ತದೋ ಅದು ಹಾಗಿರುತ್ತದೆ. ಮೇಲಿನ ಎರಡರಲ್ಲಿ ಮೊಲಕ್ಕೂ ಹಕ್ಕಿಗೂ ಚರೆ, ಕೆಳಗಿನದರಲ್ಲಿ ಜಿಂಕೆಗೋ ಹಂದಿಗೋ ಗುಂಡು. ಒಂದೇ ಸುತ್ತಾಟದಲ್ಲಿ ಏನು ಎದುರಾದರೂ ಕೈಯಲ್ಲಿ ಉತ್ತರವಿದೆ.

ಡ್ರಿಲ್ಲಿಂಗನ್ನು ನಡುವಿನಲ್ಲಿ ಮುರಿದು ತೆರೆಯುತ್ತಾರೆ. ಅಂಥ ಕೋವಿಯಲ್ಲಿ ಖಾಲಿ ಕೇಸನ್ನು ಹಿಡಿದು ಹೊರಗೆಳೆಯಲು ಬುಡದಲ್ಲಿ ಅಂಚು ಇದ್ದರೆ ಒಳ್ಳೆಯದು. ಅದಕ್ಕೇ ಇದೇ ತೋಟಾಕ್ಕೆ ಅಂಚು ಕಟ್ಟಿದ ಇನ್ನೊಂದು ರೂಪ ಮಾಡಿದರು. ಅಂಚಿಗೆ ಜರ್ಮನ್ನಿನಲ್ಲಿ ರಾಂಡ್ ಅನ್ನುತ್ತಾರೆ, ಅದರಿಂದ ‘ಆರ್’ ಅಕ್ಷರ ಸೇರಿತು. ಡ್ರಿಲ್ಲಿಂಗನ್ನು ದಿನವಿಡೀ ಹೆಗಲಲ್ಲಿ ಹೊರಬೇಕು, ಹಾಗಾಗಿ ನಳಿಗೆಗಳು ತೆಳು. ಮೌಸರ್ ರೈಫಲಿನಲ್ಲಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿಗೆ ಇರುವಂಥ ದಪ್ಪ ಉಕ್ಕಿನ ಕಿವಿಗಳು ಅಲ್ಲಿಲ್ಲ, ಮುಚ್ಚಳವನ್ನು ಹಿಡಿಯುವುದು ಒಂದು ಕೀಲು, ಒಂದು ಚಿಲಕ. ಅದು ತಾಳುವ ಒತ್ತಡಕ್ಕೂ ಮಿತಿಯಿದೆ.

ಸೈನ್ಯ ಮುಂದೆ, ಬೇಟೆಗಾರ ಹಿಂದೆ

1898ರಲ್ಲಿ ಫ್ರೆಂಚರು ಚೂಪು ಮೂತಿಯ ಗುಂಡು ತಂದರು. ಗಾಳಿಯನ್ನು ಸೀಳಿಕೊಂಡು ಹೋಗುವ ಆ ಗುಂಡಿಗೆ ಜರ್ಮನಿಯ ಉತ್ತರ 1903ರಿಂದ 1905ರ ನಡುವೆ ಬಂತು. ಸುಮಾರು 10 ಗ್ರಾಂ ತೂಕದ, ಚೂಪು ಮೂತಿಯ, 8.22 ಮಿ.ಮೀ. ದಪ್ಪದ ಗುಂಡು. ವೇಗ ಸೆಕೆಂಡಿಗೆ 880 ಮೀಟರಿನ ಆಸುಪಾಸು. ಚೂಪು ಗುಂಡಿಗೆ ಷ್ಪಿಟ್ಸ್‌ಗೆಶೋಸ್ ಎಂದು ಹೆಸರು, ಅದರಿಂದ ‘ಎಸ್’. ಹಗುರ ಗುಂಡು ಅಷ್ಟು ವೇಗದಲ್ಲಿ ಹೋಗುವಾಗ ಸಡಿಲ ನಳಿಗೆಯಲ್ಲಿ ಅನಿಲ ಸೋರಬಾರದು, ಅದಕ್ಕೇ ಆಳವಾಗಿ ಕೊರೆದ ಗೀರಿಗೆ ಸರಿಹೋಗುವಂತೆ ದಪ್ಪ ಹೆಚ್ಚಿಸಿದರು. ಸೈನ್ಯದ ಮಟ್ಟಿಗೆ ಇದು ಸರಿಯಾದ ಲೆಕ್ಕ. ಗುಂಡು ದಪ್ಪವಾದ ಮೇಲೆ ಅದನ್ನು ಹಿಡಿದಿರುವ ಕೇಸಿನ ಕುತ್ತಿಗೆಯೂ ದಪ್ಪವಾಗುತ್ತದೆ. ಉಗ್ರಾಣದಲ್ಲಿದ್ದ 88ರ ರೈಫಲುಗಳ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನಲ್ಲಿ, ಕುತ್ತಿಗೆಯ ಜಾಗವನ್ನು ಅಗಲಿಸಿ, ಮೇಲೆ ‘ಎಸ್’ ಒತ್ತಿ ಮತ್ತೆ ಹಂಚಿದರು.

ಬೇಟೆಗಾರನಿಗೆ ಬದಲಾಗಲು ಒಂದೇ ಒಂದು ಕಾರಣವೂ ಇರಲಿಲ್ಲ. ಸೈನಿಕನಿಗೆ ದೂರ ಬೇಕು, ಅವನಿಗೆ ಬೇಡ. ಹಗುರವಾದ ಚೂಪು ಗುಂಡಿಗಿಂತ ಭಾರದ ಮೊಂಡು ಗುಂಡೇ ಪೊದೆಯ ಹಂದಿಗೆ ವಾಸಿ ಎಂದು ಅವನ ಅನುಭವ ಹೇಳುತ್ತಿತ್ತು. ಸೂಲ್‌ನ ಕುಶಲಿಗನ ಬಳಿ ಹಳೆಯ ಅಳತೆಯ ಕೊರೆಯುವ ಸಲಕರಣೆ ಇತ್ತು, ಆ ಅಳತೆಗೆ ಹದವಾಗಿ ಕೂತ ಕೈ ಇತ್ತು. ತೋಟಾ ಕಾರ್ಖಾನೆಗಳು ಹಳೆಯ ಗುಂಡನ್ನು ಮಾಡುತ್ತಲೇ ಇದ್ದವು. ಇನ್ನೂ ಒಂದು ಮಾತಿದೆ. ಸೈನ್ಯದ ರೈಫಲಿಗೆ ಆಯುಷ್ಯ ಇಷ್ಟೇ ವರ್ಷ ಎಂದಿರುತ್ತದೆ. ಬೇಟೆ ಕೋವಿ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋಗುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಈಡು ಹೊಡೆಯುವ ನಳಿಗೆ ಸವೆಯುವುದು ಯಾವಾಗ?

ಹೀಗೆ ಒಂದೇ ಪಟ್ಟಣದಲ್ಲಿ, ಕೆಲವೊಮ್ಮೆ ಒಂದೇ ಅಂಗಡಿಯಲ್ಲಿ, ಎರಡು ಬಗೆಯ 8×57 ಕೋವಿಗಳು ತಯಾರಾದವು. ಗೊಂದಲ ತಪ್ಪಿಸಲು ಅಕ್ಷರಗಳ ಏರ್ಪಾಟು ಬಂತು. ಹಳೆಯದಕ್ಕೆ ‘ಐ’, ಅಂದರೆ ಇನ್ಫಾಂಟೆರಿ, ಕಾಲಾಳು ಪಡೆ. ಹೊಸದಕ್ಕೆ ‘ಐಎಸ್’. ಅಂಚಿರುವುದಕ್ಕೆ ‘ಐಆರ್’ ಮತ್ತು ‘ಐಆರ್‌ಎಸ್’. ತರ್ಕಬದ್ಧವಾದ ಏರ್ಪಾಟೇ. ಆದರೆ ಈ ಏರ್ಪಾಟು ನಿಂತದ್ದು ಒಂದೊಂದು ಅಕ್ಷರದ ಮೇಲೆ, ಅದೂ ತೋಟಾದ ಬುಡದಲ್ಲಿ ಒತ್ತಿದ, ಸಾಸಿವೆಯಷ್ಟು ದೊಡ್ಡ ಅಕ್ಷರದ ಮೇಲೆ.

ಆ ಅಕ್ಷರಕ್ಕೂ ಒಂದು ಕತೆ ಇದೆ. ಆಗಿನ ಜರ್ಮನ್ ಅಚ್ಚಿನಲ್ಲಿ ಬಳಕೆಯಲ್ಲಿದ್ದ ಫ್ರಾಕ್ಟೂರ್ ಲಿಪಿಯಲ್ಲಿ ದೊಡ್ಡ ‘ಐ’ ಮತ್ತು ದೊಡ್ಡ ‘ಜೆ’ ನೋಡಲು ಒಂದೇ. ಮೇಲೆ ಬಾಗಿದ ಒಂದು ತಲೆ, ಕೆಳಗೆ ಎಡಕ್ಕೆ ಸುಳಿದ ಬಾಲ. ಹೊರಗಿನವರು ಅದನ್ನು ‘ಜೆ’ ಎಂದು ಓದಿದರು. ಅಮೆರಿಕದಲ್ಲಿ 8×57 ಜೆ, ಜೆಎಸ್ ಎಂದೇ ಪ್ರಚಾರವಾಯಿತು, ಎಷ್ಟರ ಮಟ್ಟಿಗೆ ಅಂದರೆ ಯುರೋಪಿನ ಕಾರ್ಖಾನೆಗಳೂ ತಮ್ಮ ಪೆಟ್ಟಿಗೆಗಳ ಮೇಲೆ ‘ಜೆಎಸ್’ ಎಂದು ಅಚ್ಚು ಹಾಕಿದವು. ಹಾಗಾಗಿ ಎರಡು ತೋಟಾಗಳಿಗೆ ನಾಲ್ಕು ಬಗೆಯ ಬರವಣಿಗೆ. ‘ಐ’ ಬೇರೆ ‘ಜೆ’ ಬೇರೆ ಎಂದು ತಿಳಿದವರೂ ಇದ್ದಾರೆ. ಅವೆರಡೂ ಒಂದೇ. ಬೇರೆ ಮಾಡುವುದು ‘ಎಸ್’ ಮಾತ್ರ.

ತಪ್ಪು ತೋಟಾ ಕೂತರೆ ಏನಾಗುತ್ತದೆ

ಸಣ್ಣ ಗುಂಡು ದೊಡ್ಡ ನಳಿಗೆಗೆ ಬಂದರೆ ಅಪಾಯ ಕಡಿಮೆ. ಗುಂಡನ್ನು ಏಣು ಸರಿಯಾಗಿ ಕಚ್ಚುವುದಿಲ್ಲ, ಅದು ಎಲ್ಲೆಲ್ಲೋ ಹೋಗುತ್ತದೆ, ಗುರಿಹಲಗೆಗೆ ಅಡ್ಡಡ್ಡ ಬಡಿಯಲೂಬಹುದು.

ದೊಡ್ಡ ಗುಂಡು ಸಣ್ಣ ನಳಿಗೆಗೆ ಬಂದಾಗಲೇ ಕೇಡು. ಇಲ್ಲಿ ಎರಡು ಅಪಾಯಗಳು ಒಂದರ ಮೇಲೊಂದು ಕೂರುತ್ತವೆ. ಒಂದನ್ನು ಎಲ್ಲರೂ ಹೇಳುತ್ತಾರೆ: 8.22ರ ಗುಂಡನ್ನು 8.07ರ ನಳಿಗೆಯೊಳಗೆ ಹಿಂಡಿ ತಳ್ಳಬೇಕು, ಅದಕ್ಕೆ ತಡೆ ಹೆಚ್ಚು, ತಡೆ ಹೆಚ್ಚಿದಷ್ಟೂ ಹಿಂದಿನ ಒತ್ತಡ ಏರುತ್ತದೆ. ಇನ್ನೊಂದನ್ನು ಹೇಳುವವರು ಕಡಿಮೆ, ನನ್ನ ಮಟ್ಟಿಗೆ ಅದೇ ಮುಖ್ಯ. ತೋಟಾ ಸಿಡಿದಾಗ ಕೇಸಿನ ಕುತ್ತಿಗೆ ಕೂದಲೆಳೆಯಷ್ಟು ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕು. ಹಳೆಯ ಚೇಂಬರಿನಲ್ಲಿ ಕುತ್ತಿಗೆಯ ಜಾಗ ಸಣ್ಣದು. ಹೊಸ ತೋಟಾದ ದಪ್ಪ ಕುತ್ತಿಗೆ ಅಲ್ಲಿ ಬಿಗಿಯಾಗಿ ಕೂತರೆ ಹಿಗ್ಗಲು ಎಡೆಯೇ ಇರುವುದಿಲ್ಲ. ಗುಂಡು ಇಕ್ಕಳದಲ್ಲಿ ಸಿಕ್ಕಂತಾಗುತ್ತದೆ. ಮದ್ದು ಉರಿಯುತ್ತಾ ಹೋಗುತ್ತದೆ, ಒತ್ತಡಕ್ಕೆ ದಾರಿ ಸಿಗುವುದಿಲ್ಲ.

ಗಟ್ಟಿಯಾದ ಮೌಸರ್ 98 ಒಂದೆರಡು ಸಲ ಇದನ್ನು ಸಹಿಸಿಕೊಳ್ಳಬಹುದು. ಹಾಗೆ ಸಹಿಸಿಕೊಂಡ ಕೋವಿಗಳಿಂದಲೇ ‘ಏನೂ ಆಗುವುದಿಲ್ಲ ಬಿಡಿ’ ಎಂಬ ಮಾತು ಹುಟ್ಟಿದ್ದು. ತೆಳು ನಳಿಗೆಯ, ಹಳೆಯ ಉಕ್ಕಿನ ಡ್ರಿಲ್ಲಿಂಗಿಗೆ ಆ ಮಾತು ಸಲ್ಲದು. ಕೀಲು ಸಡಿಲವಾಗುತ್ತದೆ, ಮುಚ್ಚಳ ಅಲುಗಾಡುತ್ತದೆ, ಇಲ್ಲವೇ ಬಿಟ್ಟೇಹೋಗುತ್ತದೆ. ಹೊಡೆಯುವವನ ಕೆನ್ನೆ ಇರುವುದು ಅಲ್ಲಿಂದ ಒಂದು ಗೇಣು ಹಿಂದೆ.

ಕೆಟ್ಟ ಸಂಗತಿ ಎಂದರೆ ತಪ್ಪು ತೋಟಾ ಎಷ್ಟೋ ಕೋವಿಗಳಲ್ಲಿ ಕೂರುತ್ತದೆ. ಕೂರದೇ ಇದ್ದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಚೇಂಬರ್ ತುಸು ಸಡಿಲವಿದ್ದರೆ, ಬೋಲ್ಟನ್ನು ತುಸು ಒತ್ತಿ ಮುಚ್ಚಿದರೆ, ಮುಚ್ಚಿಕೊಳ್ಳುತ್ತದೆ. 1905ರಲ್ಲಿ ಸೈನ್ಯ ಕೇಸನ್ನು ಮೂರೇ ಮಿಲಿಮೀಟರ್ ಉದ್ದ ಮಾಡಿದ್ದರೆ ಹಳೆಯ ಕೋವಿಯಲ್ಲಿ ಹೊಸ ತೋಟಾ ಹೋಗುತ್ತಲೇ ಇರಲಿಲ್ಲ. ಹಾಗೆ ಮಾಡದಿರಲು ಅವರಿಗೆ ಕಾರಣವಿತ್ತು, ಇದ್ದ ಲಕ್ಷಾಂತರ ರೈಫಲುಗಳನ್ನು ಹೊಸ ತೋಟಾಕ್ಕೆ ಒಗ್ಗಿಸಬೇಕಿತ್ತು. ಬೇಟೆಗಾರನ ಲೆಕ್ಕ ಆ ಮೇಜಿನ ಮೇಲೆ ಬರಲೇ ಇಲ್ಲ ಎಂಬುದು ನನ್ನ ನೋವು.

ಮೂರು ಮಿಲಿಮೀಟರ್ ಕೊನೆಗೂ ಬಂತು

ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ವರ್ಸೈ ಒಪ್ಪಂದ ಬಂತು. ಸೈನ್ಯದ ತೋಟಾ, ಅದಕ್ಕೆ ಹೊಂದುವ ರೈಫಲ್ ಎರಡರ ಮೇಲೂ ಬಿಗಿ ನಿರ್ಬಂಧ ಬಿತ್ತು. 8×57 ಸೈನ್ಯದ್ದು. ಬೇಟೆಗಾರರ ಬಳಿ ಇದ್ದ ಮೌಸರ್ ರೈಫಲುಗಳನ್ನು ಏನು ಮಾಡುವುದು? ಕೋವಿ ಮಾಡುವವರು ಕಂಡುಕೊಂಡ ಉಪಾಯ ಸರಳ. ಚೇಂಬರನ್ನು ಮೂರು ಮಿ.ಮೀ. ಮುಂದಕ್ಕೆ ಕೊರೆದರು, 8×60 ಎಂಬ ಹೊಸ ತೋಟಾ ಹುಟ್ಟಿತು. ಈಗ ಅದು ಸೈನ್ಯದ್ದಲ್ಲ, ಬೇಟೆಯದು. ಮುಂದೆ ಈ 8×60ಕ್ಕೂ ‘ಎಸ್’ ಇರುವುದು, ಇಲ್ಲದ್ದು ಎಂದು ಎರಡು ಕವಲಾಯಿತು. ಹಳೆಯ ರೋಗ ಹೊಸ ತೋಟಾಕ್ಕೂ ಹತ್ತಿತು.

ನಮ್ಮಲ್ಲಿ ಕೋವಿ ಲೈಸೆನ್ಸ್ ಇರುವ ರೈತರಿಗೆ ಇದು ಅಪರಿಚಿತ ಕತೆಯಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದಿತ್ತು. ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಕರ್ ತೋಟಾದಿಂದ ಬಂದ .315 ಆ ಜಾಗ ತುಂಬಿತು. ನಮ್ಮ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ಸ್ವಾತಂತ್ರ್ಯದ ಮೇಲೂ ಅದೇ .315 ರೈಫಲನ್ನು ಮಾಡುತ್ತಾ ಬಂದವು. ಸರ್ಕಾರದ ಒಂದು ಆದೇಶ ತೋಟಾದ ಆಕಾರವನ್ನು ತೀರ್ಮಾನಿಸುವುದು ಜರ್ಮನಿಗೆ ಮಾತ್ರ ಸೀಮಿತವಲ್ಲ.

ಇದೇ ತೋಟಾ ಕುಟುಂಬದ ತಮ್ಮನೊಬ್ಬ ಭಾರತದ ಕಾಡಿನಲ್ಲಿ ದೊಡ್ಡ ಹೆಸರು ಮಾಡಿದ್ದಾನೆ. 1892ರ ಸುಮಾರಿಗೆ ಮೌಸರ್ ತಂದ 7×57 ತೋಟಾವನ್ನು ಲಂಡನ್ನಿನ ರಿಗ್ಬಿ ಕಂಪನಿ .275 ರಿಗ್ಬಿ ಎಂದು ಇಂಗ್ಲಿಷ್ ಹೆಸರಿಟ್ಟು ಮಾರಿತು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರೈಫಲ್ ಈ ತೋಟಾದ್ದು. ಅಲ್ಲಿ ಒಂದೇ ತೋಟಾಕ್ಕೆ ಎರಡು ಹೆಸರು, ಅದರಿಂದ ಯಾರಿಗೂ ತೊಂದರೆಯಿಲ್ಲ. 8×57ರಲ್ಲಿ ಒಂದೇ ಹೆಸರಿಗೆ ಎರಡು ತೋಟಾ.

1945ರ ನಂತರ

1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಸೂಲ್ ಹಿಡಿಯಿತು. ಜುಲೈನಲ್ಲಿ ತುರಿಂಗಿಯಾ ರಷ್ಯನ್ನರ ಕೈಗೆ ಹೋಯಿತು. ಜನ ತಮ್ಮ ಕೋವಿಗಳನ್ನೆಲ್ಲ ಒಪ್ಪಿಸಬೇಕಾಯಿತು. ತಲೆಮಾರುಗಳಿಂದ ಮನೆಯಲ್ಲಿದ್ದ ಡ್ರಿಲ್ಲಿಂಗುಗಳು, ಬೇಟೆ ರೈಫಲುಗಳು ಸೈನಿಕರ ಚೀಲ ಸೇರಿ ಸಮುದ್ರ ದಾಟಿದವು. ಅವುಗಳ ಜೊತೆ ಅವುಗಳ ಗುಟ್ಟು ಬಲ್ಲವರು ಹೋಗಲಿಲ್ಲ. ಅಮೆರಿಕದ ಅಂಗಡಿಯಲ್ಲಿ ‘8 ಮಿ.ಮೀ. ಮೌಸರ್’ ಎಂದು ಒಂದೇ ಪೆಟ್ಟಿಗೆ, ಅದರೊಳಗಿನದು ದಪ್ಪ ಗುಂಡು.

ಇದಕ್ಕೆ ಅಮೆರಿಕದವರು ಕೊಟ್ಟ ಉತ್ತರ ತೋಟಾವನ್ನೇ ಸೊರಗಿಸುವುದು. ಯುರೋಪಿನ ಮಾನಕದಲ್ಲಿ 8×57 ಐಎಸ್‌ಗೆ ಗರಿಷ್ಠ ಒತ್ತಡ 390 ಮೆಗಾಪಾಸ್ಕಲ್. ಅಮೆರಿಕದ ಮಾನಕದಲ್ಲಿ ಅದು 241. ಯಾರದೋ ಅಟ್ಟದಲ್ಲಿ ಸಣ್ಣ ನಳಿಗೆಯ ಕೋವಿ ಇರಬಹುದು ಎಂಬ ಭಯಕ್ಕೆ ಒಂದು ಇಡೀ ದೇಶದಲ್ಲಿ ಒಳ್ಳೆಯ ತೋಟಾವೊಂದು ಅರೆಜೀವವಾಗಿ ಉಳಿಯಿತು. ಆ ಎಚ್ಚರವನ್ನು ನಾನು ತಪ್ಪೆನ್ನಲಾರೆ. ಆದರೆ ಅದರ ಫಲವಾಗಿ 8×57 ಎಂದರೆ ಕೈಲಾಗದ ತೋಟಾ ಎಂದು ಒಂದು ತಲೆಮಾರು ನಂಬಿದ್ದು ಅನ್ಯಾಯ.

ಜರ್ಮನಿಯಲ್ಲಿ ಹಳೆಯ ‘ಐಆರ್’ ಡ್ರಿಲ್ಲಿಂಗುಗಳು ಇನ್ನೂ ಕಾಡಿಗೆ ಹೋಗುತ್ತವೆ. ಅಲ್ಲಿನ ಬೇಟೆ ಕಾಯಿದೆ ಕೆಂಜಿಂಕೆಗೂ ಕಾಡುಹಂದಿಗೂ ಕೇಳುವುದು ಕನಿಷ್ಠ 6.5 ಮಿ.ಮೀ. ಗುಂಡು, 100 ಮೀಟರಿನಲ್ಲಿ 2000 ಜೂಲ್ ಶಕ್ತಿ. ಹಳೆಯ ತೋಟಾ ಆ ಗೆರೆಯನ್ನು ದಾಟುತ್ತದೆ. ಚೆಕ್ ದೇಶದ ಸೆಲ್ಲಿಯೆ ಆ್ಯಂಡ್ ಬೆಲ್ಲೊ ಕಾರ್ಖಾನೆ ‘ಎಸ್’ ಇಲ್ಲದ್ದು, ‘ಎಸ್’ ಇರುವುದು ಎರಡನ್ನೂ ಮಾಡುತ್ತದೆ. ಎರಡರಲ್ಲೂ 12.7 ಗ್ರಾಂ ಗುಂಡು. ಎರಡು ತೋಟಾಗಳನ್ನು ಅಂಗೈ ಮೇಲೆ ಇಟ್ಟುಕೊಂಡರೆ ತೂಕದಲ್ಲಿ ಭೇದವಿಲ್ಲ, ಬಣ್ಣದಲ್ಲಿ ಭೇದವಿಲ್ಲ, ಉದ್ದದಲ್ಲೂ ಇಲ್ಲ.

ಮೇಜಿನ ಮೇಲೆ ಒಂದು ಡ್ರಿಲ್ಲಿಂಗ್

ಹಾಗಾದರೆ ಕೋವಿಯನ್ನೇ ಕೇಳೋಣ. 1920ರ ದಶಕದ ಸೂಲ್‌ನ ಡ್ರಿಲ್ಲಿಂಗ್ ಒಂದು ಮುಂದಿದೆ ಎಂದಿಟ್ಟುಕೊಳ್ಳಿ. ಬಿಚ್ಚಿ ನಳಿಗೆಗಳನ್ನು ಬೋರಲು ಹಾಕಿದರೆ ತಳದಲ್ಲಿ ಪರೀಕ್ಷಾ ಮುದ್ರೆಗಳು ಕಾಣುತ್ತವೆ. 1891ರ ಕಾಯಿದೆ 1893ರಲ್ಲಿ ಜಾರಿಗೆ ಬಂದ ಮೇಲೆ ಜರ್ಮನಿಯಲ್ಲಿ ಮಾರುವ ಪ್ರತಿ ಕೋವಿಯೂ ಸರ್ಕಾರಿ ಪರೀಕ್ಷೆ ಮುಗಿಸಿ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಕಿರೀಟದ ಕೆಳಗೆ ‘ಬಿ’, ‘ಯು’, ‘ಜಿ’ ಅಕ್ಷರಗಳು, ಒಂದು ಹದ್ದು. ‘ಜಿ’ ಎಂದರೆ ಗೀರು ಕೊರೆದ ನಳಿಗೆ. ಒಂದು ಮೂಲೆಯಲ್ಲಿ ತಿಂಗಳು, ವರ್ಷ: 6 28 ಎಂದಿದ್ದರೆ 1928ರ ಜೂನ್. ಇನ್ನೊಂದು ಕಡೆ 7,8 ಎಂದೂ 57 ಎಂದೂ. ನಾವು ಚುಕ್ಕಿ ಇಡುವಲ್ಲಿ ಜರ್ಮನ್ನರು ಅಲ್ಪವಿರಾಮ ಇಡುತ್ತಾರೆ.

ಎಡವುವುದು ಇಲ್ಲೇ. 57 ಎಂದರೆ ಕೇಸಿನ ಉದ್ದ, ಸರಿ. 7,8 ಎಂದರೆ ನಳಿಗೆಯೊಳಗೆ ತೂರಿದ ಅಳತೆಕಡ್ಡಿಯ ದಪ್ಪ. ಕಡ್ಡಿ ತೂರುವುದು ಏಣುಗಳ ನಡುವೆ, ಗೀರಿನ ತಳವನ್ನು ಅದು ಮುಟ್ಟುವುದೇ ಇಲ್ಲ. ಕಡ್ಡಿಗಳು 0.1 ಮಿ.ಮೀ. ಅಂತರದಲ್ಲಿ ಇರುತ್ತಿದ್ದವು. ಮೊದಲು ಹೇಳಿದ ನಾಲ್ಕು ಸಂಖ್ಯೆಗಳಿಗೆ ಮರಳಿ. ಹಳೆಯ ನಳಿಗೆಯ ಏಣಿನ ವ್ಯಾಸ 7.80, ಅದರಲ್ಲಿ 7,8ರ ಕಡ್ಡಿ ಹೋಗುತ್ತದೆ. ಹೊಸ ನಳಿಗೆಯದು 7.89, ಅದರಲ್ಲಿ 7,9 ಹೋಗದೆ ನಿಂತರೆ ಅದಕ್ಕೂ 7,8 ಎಂದೇ ಮುದ್ರೆ. ಒಂದೇ ಮುದ್ರೆ ಎರಡು ಬಗೆಯ ನಳಿಗೆಗೂ ಬೀಳಬಹುದು. ಪಕ್ಕದಲ್ಲಿ ಗುಂಡಿನ ತೂಕ 14,7 ಗ್ರಾಂ ಎಂದಿದ್ದರೆ ಹಳೆಯ ಬಗೆ ಎಂಬ ಸುಳಿವು ಸಿಗುತ್ತದೆ, ಆದರೆ ಸುಳಿವು ಸಾಕ್ಷಿಯಲ್ಲ. ತೋಟಾದ ಪೂರ್ತಿ ಹೆಸರನ್ನು ನಳಿಗೆಯ ಮೇಲೆ ಒತ್ತುವ ರೂಢಿ ಬಂದದ್ದು 1939ರ ಕಾಯಿದೆ ಜಾರಿಯಾದ ಮೇಲೆ. ಅಷ್ಟರಲ್ಲಿ ಅರ್ಧ ಶತಮಾನದ ಕೋವಿಗಳು ಮನೆ ಮನೆ ಸೇರಿದ್ದವು.

ಹಾಗಾಗಿ ಬಲ್ಲ ಕುಶಲಿಗ ಮುದ್ರೆ ಓದಿ ಸುಮ್ಮನಾಗುವುದಿಲ್ಲ. ನಳಿಗೆಗಿಂತ ತುಸು ದಪ್ಪದ ಮೆತ್ತನೆ ಸೀಸದ ತುಂಡು ತೆಗೆದುಕೊಳ್ಳುತ್ತಾನೆ. ನಳಿಗೆಯನ್ನು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಮರದ ಕೊಡತಿಯಿಂದ ಆ ತುಂಡನ್ನು ಮೆಲ್ಲಗೆ ತಟ್ಟಿ ಕೂರಿಸಿ, ಗಜದಿಂದ ಒಂದೇ ಹದದಲ್ಲಿ ತಳ್ಳುತ್ತಾನೆ. ಮೊದಲು ಬಿಗಿ, ಆಮೇಲೆ ಸರಾಗ. ಇನ್ನೊಂದು ತುದಿಯಲ್ಲಿ ಬಟ್ಟೆಯ ಮೇಲೆ ಬೀಳುವ ತುಂಡಿನ ಮೈಯಲ್ಲಿ ನಳಿಗೆಯ ಅಚ್ಚು ತಿರುಗುಮುರುಗಾಗಿ ಮೂಡಿರುತ್ತದೆ. ಗೀರಿದ್ದಲ್ಲಿ ಉಬ್ಬು, ಏಣಿದ್ದಲ್ಲಿ ತೋಡು. ಬೆಳಕಿಗೆ ಹಿಡಿದರೆ ಉಬ್ಬುಗಳು ಹೊಸ ನಾಣ್ಯದಂತೆ ಹೊಳೆಯುತ್ತವೆ. ಮೈಕ್ರೋಮೀಟರಿನ ದವಡೆಯನ್ನು ಎದುರುಬದುರಿನ ಎರಡು ಉಬ್ಬುಗಳ ಮೇಲೆ ಇಟ್ಟು ಓದಬೇಕು, ತುಂಡನ್ನು ತಿರುಗಿಸಿ ಇನ್ನೊಂದು ಜೋಡಿಯ ಮೇಲೂ ಓದಬೇಕು. ಚೇಂಬರಿಗೂ ಹೀಗೇ ಬೇಗ ಕರಗುವ ಬಿಸ್ಮತ್ ಮಿಶ್ರಲೋಹ ಸುರಿದು ಅಚ್ಚು ತೆಗೆದು ಕುತ್ತಿಗೆಯ ಜಾಗ ಅಳೆಯುತ್ತಾರೆ.

8.20ರ ಹತ್ತಿರ ಬಂದು, ಚೇಂಬರಿನ ಕುತ್ತಿಗೆಯೂ ಅದಕ್ಕೆ ಒಪ್ಪಿದರೆ ‘ಎಸ್’ ಇರುವ ಪೆಟ್ಟಿಗೆ. 8.07, 8.08, 8.10, ಹೀಗೆ ಬಂದರೆ ‘ಎಸ್’ ಇಲ್ಲದ್ದು. ನಡುವೆ 8.15 ಎಂದು ಬಂದರೆ, ಹಳೆಯ ಕೋವಿಗಳಲ್ಲಿ ಹಾಗೂ ಬರುವುದುಂಟು, ಅದನ್ನು ಹಳೆಯ ಬಗೆ ಎಂದೇ ಎಣಿಸಿ ಸಣ್ಣ ಗುಂಡನ್ನೇ ಕೊಡುವುದು ಲೇಸು. ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು, ಆ ಸೀಸದ ತುಂಡಿನ ಜೊತೆ ಕೋವಿಯ ಚೀಲದಲ್ಲೇ ಇಟ್ಟುಬಿಡುವ ಕುಶಲಿಗರಿದ್ದಾರೆ. ಮೊಮ್ಮಗನ ಕಾಲಕ್ಕೆ ಚೀಲ ಬಿಚ್ಚಿದವರು ಮತ್ತೆ ಅಳೆಯದೇ ತಿಳಿದುಕೊಳ್ಳಲಿ ಎಂದು.